ಗೊಣ್ಣೆಹುಳ ಕೆಂಪಾಯಿತು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು 2022ರ ಏಪ್ರಿಲ್ ತಿಂಗಳಲ್ಲಿ, ಆರು ತಿಂಗಳ ಮಟ್ಟಿಗೆಂದು, ಅಮೆರಿಕದಲ್ಲಿರುವ ಮಗನ ಮನೆಗೆ ಹೋದರು. ಹೆಂಡತಿ ಜೊತೆಗೆ ಹೋಗಲಿಲ್ಲ. ಎರಡು ದನ, ಒಂದು ಕರು, ಬಾಣಂತಿ ಬೆಕ್ಕು ಇವನ್ನೆಲ್ಲ ಯಾರ ತಲೆಗೆ ಕಟ್ಟುವುದು ಎಂಬುದು ಆಕೆಯ ಪ್ರಶ್ನೆ. ಮಗನಿರುವುದು ನ್ಯೂಜೆರ್ಸಿ ರಾಜ್ಯದಲ್ಲಿ, ಪ್ರಿನ್ಸ್‌ಟನ್ ಊರಿನಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಎಪ್ಪತ್ತು ವರ್ಷ ಬೆಳಗಾಗೆದ್ದು ತೋಟ ಸುತ್ತಿದ ಕಾಲುಗಳಿಗೆ ಅಲ್ಲಿ ಸುತ್ತಲು ಸಿಕ್ಕಿದ್ದು ಮನೆಯ ಹಿಂದಿನ ಎರಡು ಸಾವಿರ ಚದರಡಿ ಹುಲ್ಲುಹಾಸು ಮಾತ್ರ.

"ಇಷ್ಟು ಹುಲ್ಲು ಬೆಳೆಸಿ ಕೊಟ್ಟಿಗೆಯಲ್ಲಿ ಒಂದು ದನವನ್ನೂ ಕಟ್ಟಿಲ್ಲವಲ್ಲೋ" ಎಂದು ಮೊದಲ ದಿನ ನಕ್ಕರು. ಮೂರನೆಯ ದಿನ ನಗಲಿಲ್ಲ. ಹಸಿರಿನ ನಡುವೆ ಅಲ್ಲಲ್ಲಿ ತಟ್ಟೆಯಗಲ, ಮೊರದಗಲ ಹುಲ್ಲು ಒಣಗಿ ಕಂದಾಗಿತ್ತು. ಮಗ ಅದನ್ನು ಚಳಿಗಾಲದ ಹಿಮದ ಪ್ರತಾಪ ಎಂದುಕೊಂಡಿದ್ದ. ಅಜ್ಜ ಬಗ್ಗಿ ಒಂದು ಹಿಡಿ ಹುಲ್ಲನ್ನು ಎಳೆದರು. ಚಾಪೆಯ ಅಂಚು ಎತ್ತಿದ ಹಾಗೆ ಹುಲ್ಲು ಹಾಸಿಗೆ ಹಾಸಿಗೆಯಾಗಿಯೇ ಮೇಲೆದ್ದು ಬಂತು. ಅಡಿಯಲ್ಲಿ ಬೇರೇ ಇರಲಿಲ್ಲ. ಮಣ್ಣಿನಲ್ಲಿ ಬಿಳಿ ಮೈ, ಕಂದು ತಲೆಯ ಹುಳಗಳು ಬಿಲ್ಲಿನಂತೆ ಬಾಗಿ ಮಲಗಿದ್ದವು.

"ಅರೇ, ಇದು ನಮ್ಮ ಗೊಣ್ಣೆಹುಳವಲ್ಲವೇನೋ! ಇದಕ್ಕೆ ಯಾರು ವೀಸಾ ಕೊಟ್ಟರು?"

ಹುಳ ಅವರ ಊರಿನದಲ್ಲ, ಆದರೆ ವೀಸಾದ ಪ್ರಶ್ನೆ ಸರಿಯಾಗಿಯೇ ಇತ್ತು. ಅದು ಜಪಾನಿ ದುಂಬಿಯ ಮರಿಹುಳ. ಜಪಾನಿನಿಂದ ಐರಿಸ್ ಹೂವಿನ ಗೆಡ್ಡೆಗಳ ಜೊತೆ, ಬಹುಶಃ 1912ಕ್ಕೂ ಮೊದಲು, ಮಣ್ಣಿನೊಳಗೆ ಅಡಗಿ ಹಡಗು ಹತ್ತಿ ಬಂದದ್ದು. ಆಗಿನ್ನೂ ಬಂದರಿನಲ್ಲಿ ಗಿಡಗಳ ತಪಾಸಣೆಯ ಪದ್ಧತಿ ಇರಲಿಲ್ಲ. 1916ರಲ್ಲಿ ಇದೇ ನ್ಯೂಜೆರ್ಸಿಯ ರಿವರ್ಟನ್ ಎಂಬಲ್ಲಿಯ ಒಂದು ನರ್ಸರಿಯಲ್ಲಿ ದುಂಬಿ ಮೊದಲು ಕಣ್ಣಿಗೆ ಬಿತ್ತು. ತವರಿನಲ್ಲಿ ಅಷ್ಟೇನೂ ಉಪದ್ರವ ಕೊಡದ ಈ ಜೀವಿಗೆ ಹೊಸ ನೆಲದಲ್ಲಿ ಎಲ್ಲೆಲ್ಲೂ ಮೆತ್ತನೆಯ ಹುಲ್ಲುಹಾಸು, ತಿನ್ನಲು ಮುನ್ನೂರಕ್ಕೂ ಹೆಚ್ಚು ಬಗೆಯ ಗಿಡಮರ, ಅಟ್ಟಿಸಿಕೊಂಡು ಬರುವ ವೈರಿಗಳು ತೀರಾ ಕಡಿಮೆ. ಇನ್ನೇನು ಬೇಕು!

ಅಜ್ಜನ ಮುಖ ಬಾಡಿದ್ದಕ್ಕೆ ಕಾರಣ ಬೇರೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಇದೇ ಕುಲದ, ಇದಕ್ಕಿಂತ ದೊಡ್ಡ ಗಾತ್ರದ ಬೇರುಹುಳ ಇದೆ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆಯಲ್ಲಿ ದುಂಬಿಗಳು ನೆಲದಿಂದೇಳುತ್ತವೆ; ಮಣ್ಣಿನಲ್ಲಿ ಮೊಟ್ಟೆಯಿಟ್ಟು ಮುಗಿಸುತ್ತವೆ. ಮರಿಗಳು ಅಡಿಕೆಯ ಬೇರನ್ನು ಮೇಯುತ್ತಾ ಹೋಗುತ್ತವೆ. ಮರದ ಸೋಗೆ ಹಳದಿಯಾಗುತ್ತದೆ, ತುದಿಯ ಕಡೆ ಕಾಂಡ ಸಣ್ಣಗಾಗುತ್ತದೆ, ಕಾಯಿ ಉದುರುತ್ತದೆ. ಕೊನೆಗೆ ಕೈಯಲ್ಲಿ ದೂಡಿದರೆ ಸಡಿಲ ಹಲ್ಲಿನ ಹಾಗೆ ಮರ ಅಲ್ಲಾಡುತ್ತದೆ. ತೊಂಬತ್ತರ ದಶಕದಲ್ಲಿ ಅವರ ತೋಟದ ಹಳ್ಳದ ಕಡೆಯ ತುಂಡು ಹೀಗೆಯೇ ಹೋಗಿತ್ತು. ಅದು ಹೋದ ರೀತಿಯನ್ನು ಅವರು ಮಗನಿಗೆ ಎಂದೂ ಪೂರ್ತಿ ಹೇಳಿರಲಿಲ್ಲ. ಆಗ ಅವನು ಹಾಸ್ಟೆಲಿನಲ್ಲಿದ್ದ.

ಮಗ ಲಾನ್ ನೋಡಿಕೊಳ್ಳುವ ಕಂಪನಿಯೊಂದಕ್ಕೆ ಫೋನು ಮಾಡಹೊರಟ. ಪಕ್ಕದ ಮನೆಯವರು ಹಾಗೆಯೇ ಮಾಡಿದ್ದರು. ಔಷಧ ಹೊಡೆದ ಮೇಲೆ ಹುಲ್ಲಿನ ಮೇಲೆ ಪುಟ್ಟದೊಂದು ಬಾವುಟ ನೆಟ್ಟು ಹೋಗುತ್ತಾರೆ: ಮಕ್ಕಳು, ನಾಯಿಗಳು ಕಾಲಿಡಬಾರದು ಎಂದು. ಈ ಮನೆಯಲ್ಲೋ ಒಂದೂವರೆ ವರ್ಷದ ಮಗುವೊಂದು ಇಡೀ ದಿನ ಹುಲ್ಲಿನ ಮೇಲೆ ಕುಳಿತು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನಲ್ಲಿತ್ತು. ಸೊಸೆ ಎಲ್ಲೋ ಓದಿದ್ದನ್ನು ನೆನಪಿಸಿದಳು. ಗೊಣ್ಣೆಹುಳವನ್ನು ಕೊಲ್ಲುವ ಹುಳುಗಳೇ ಪೊಟ್ಟಣದಲ್ಲಿ ಸಿಗುತ್ತವಂತೆ, ನೀರಿನಲ್ಲಿ ಕಲಸಿ ಹೊಯ್ದರೆ ಸಾಕಂತೆ. ನೆಮಟೋಡ್ ಎಂದು ಹೆಸರು.

ನೆಮಟೋಡ್ ಎಂದೊಡನೆ ಅಜ್ಜ ಹುಬ್ಬು ಗಂಟಿಕ್ಕಿದರು. ಕಾಳುಮೆಣಸಿನ ಬಳ್ಳಿಯ ಬೇರಿನಲ್ಲಿ ಗಂಟು ಬರಿಸುವ ಜಂತುಹುಳು ಅದು ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. "ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಸರಿ. ಆದರೆ ತೆಗೆಯಲು ಹೋದ ಮುಳ್ಳೇ ಒಳಗೆ ಮುರಿದುಕೊಂಡರೆ?" ಎಂದರು. ಅವರ ಅನುಮಾನ ತಪ್ಪಲ್ಲ. ಈ ಕುಟುಂಬ ಬಲು ದೊಡ್ಡದು. ಬೇರು ತಿನ್ನುವವು ಕೆಲವು, ಮನುಷ್ಯನ ಕರುಳಿನಲ್ಲಿ ವಾಸಿಸುವವು ಕೆಲವು, ಕೀಟಗಳನ್ನಷ್ಟೇ ಹುಡುಕಿಕೊಂಡು ಹೋಗುವವು ಕೆಲವು. ಹುಲ್ಲುಹಾಸಿಗೆ ಬೇಕಾದದ್ದು ಕೊನೆಯ ಬಗೆ.

ಪೊಟ್ಟಣ ಮೇ ತಿಂಗಳಲ್ಲಿ ಬಂತು. ಬಂದದ್ದು ಗುರುವಾರ ಬೆಳಿಗ್ಗೆ. ಬಾಗಿಲ ಮುಂದಿನ ಬಿಸಿಲಿನಲ್ಲಿ ಸಂಜೆಯವರೆಗೆ ಬಿದ್ದಿತ್ತು. ಶನಿವಾರ ಮಧ್ಯಾಹ್ನ ಬಿಡುವಾದಾಗ ಮಗ ಅದನ್ನು ಬಕೆಟ್ ನೀರಿಗೆ ಸುರಿದು, ಸುಡುಬಿಸಿಲಿನಲ್ಲಿ ಒಣ ಹುಲ್ಲಿನ ಮೇಲೆ ಸಿಂಪಡಿಸಿ, ಕೈ ತೊಳೆದುಕೊಂಡು ಒಳಗೆ ಬಂದ. ಸೋಪಿನ ಪುಡಿಯನ್ನು ಬಳಸಿದಷ್ಟೇ ಸಲೀಸು. ಎರಡು ವಾರ ಕಳೆದು ಅಗೆದು ನೋಡಿದರೆ ಗೊಣ್ಣೆಹುಳಗಳು ಇನ್ನಷ್ಟು ಕೊಬ್ಬಿ ಆರಾಮವಾಗಿದ್ದವು. ದುಡ್ಡು ನೀರಿಗೆ ಹೋಯಿತು. ಅಕ್ಷರಶಃ.

ಎಂಟನೆಯ ತರಗತಿಯಲ್ಲಿದ್ದ ಮೊಮ್ಮಗ ಮಾತ್ರ ಬಕೆಟ್ಟಿನ ತಳದಲ್ಲಿ ಉಳಿದ ನೀರನ್ನು ಪುಟ್ಟ ಬಾಟಲಿಯಲ್ಲಿ ತುಂಬಿಕೊಂಡು ಶಾಲೆಗೆ ಒಯ್ದಿದ್ದ. ಸೂಕ್ಷ್ಮದರ್ಶಕದ ಕೆಳಗೆ ಸಾವಿರಾರು ಎಳೆಗಳು ಕಂಡವು. ಎಲ್ಲವೂ ಸೂಜಿಯಂತೆ ನೆಟ್ಟಗೆ, ಅಲುಗಾಟವಿಲ್ಲದೆ ಬಿದ್ದಿದ್ದವು. ಬದುಕಿದ್ದರೆ ಹಾವಿನ ಹಾಗೆ ಬಳುಕಬೇಕು ಎಂದರು ಅವನ ಶಿಕ್ಷಕಿ. ಮನೆಗೆ ಬಂದು ಹುಡುಗ ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಅಪ್ಪಾ, ನೀನು ಹೆಣ ಹೊಯ್ದೆ."

ಅಪ್ಪನಿಗೆ ಕೋಪ ಬಂತು. ಅಜ್ಜನಿಗೆ ಕುತೂಹಲ ಬಂತು. ಪೊಟ್ಟಣದಲ್ಲಿದ್ದದ್ದು ಪುಡಿಯಲ್ಲ, ಜೀವ ಎಂಬುದು ಅವರಿಗೆ ಆವತ್ತು ಹೊಳೆಯಿತು. ಜೀವವೆಂದಮೇಲೆ ಅದಕ್ಕೆ ನೆರಳು ಬೇಕು, ನೀರು ಬೇಕು, ಹೊತ್ತುಗೊತ್ತು ಬೇಕು. ದನ ಸಾಕಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಬೇಸಿಗೆ ರಜೆಯಲ್ಲಿ ಅಜ್ಜ-ಮೊಮ್ಮಗ ಒಂದಾದರು. ಜುಲೈನಲ್ಲಿ ಗುಲಾಬಿ ಗಿಡದ ತುಂಬ ದುಂಬಿಗಳು. ನೋಡಲು ಏನು ಚೆಂದ! ಒಂದು ಸೆಂಟಿಮೀಟರ್ ಉದ್ದ, ಹಸಿರು ಲೋಹದ ಹೊಳಪು, ಬೆನ್ನಿಗೆ ತಾಮ್ರದ ಹೊದಿಕೆ, ಪಕ್ಕೆಗಳಲ್ಲಿ ಬಿಳಿ ಕೂದಲಿನ ಸಣ್ಣ ಕುಚ್ಚುಗಳ ಸಾಲು. ಎಲೆಯ ನರ ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ತಿಂದು ಕಸೂತಿ ಬಟ್ಟೆ ಮಾಡುತ್ತಿದ್ದವು. ಇಬ್ಬರೂ ಬೆಳಿಗ್ಗೆ ಎದ್ದು, ದುಂಬಿ ಇನ್ನೂ ಮಂಕಾಗಿರುವ ಹೊತ್ತಿನಲ್ಲಿ, ಸೋಪಿನ ನೀರಿನ ಡಬ್ಬಿಗೆ ಅವನ್ನು ಉದುರಿಸುತ್ತಿದ್ದರು. ನಡುನಡುವೆ ಹುಡುಗ ಗ್ರಂಥಾಲಯದಿಂದ ತಂದು ಓದಿದ್ದನ್ನು ಹೇಳುತ್ತಿದ್ದ, ಅಜ್ಜ "ಹ್ಞೂಂ, ಆಮೇಲೆ?" ಎನ್ನುತ್ತಿದ್ದರು. ಪುರಾಣ ಕೇಳುವ ಧಾಟಿಯಲ್ಲಿ.

ಪುರಾಣವೇನೋ ಅದೇ ರಾಜ್ಯದ್ದು. 1929ರಲ್ಲಿ, ಹ್ಯಾಡನ್‌ಫೀಲ್ಡ್ ಬಳಿಯ ಟ್ಯಾವಿಸ್ಟಾಕ್ ಗಾಲ್ಫ್ ಮೈದಾನದ ಹುಲ್ಲಿನಡಿ ಜಪಾನಿ ದುಂಬಿಯ ಮರಿಹುಳಗಳು ಸತ್ತುಬಿದ್ದಿದ್ದವು. ಹುಳ ಸತ್ತರೆ ಪೀಡೆ ಕಳೆಯಿತು ಎಂದುಕೊಳ್ಳುವವರೇ ಹೆಚ್ಚು. ರುಡಾಲ್ಫ್ ಗ್ಲೇಸರ್ ಎಂಬ ವಿಜ್ಞಾನಿ ಅವನ್ನು ಸೀಳಿ ಒಳಗೆ ನೋಡಿದರು. ಹೊಟ್ಟೆಯ ತುಂಬ ನೆಮಟೋಡುಗಳು. ಆ ಜಂತುವಿಗೆ ಅವರ ಹೆಸರೇ ಅಂಟಿಕೊಂಡಿತು. ಈಗಲೂ ಅದು ಸ್ಟೈನರ್ನೆಮ ಗ್ಲೇಸರಿ. ಪ್ರಿನ್ಸ್‌ಟನ್ನಿನ ರಾಕ್‌ಫೆಲರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಗ್ಲೇಸರ್ ಅದನ್ನು ಕರುವಿನ ಮಾಂಸದ ಸಾರು, ಯೀಸ್ಟು ಸೇರಿಸಿದ ಅಗರ್ ಮೇಲೆ ಬೆಳೆಸಿದರು. ಗೊಣ್ಣೆಹುಳವಿಲ್ಲದೆ, ಬಟ್ಟಲಿನಲ್ಲೇ ಜಂತುವಿನ ಒಕ್ಕಲು! 1939ರಿಂದ 1942ರವರೆಗೆ ನ್ಯೂಜೆರ್ಸಿಯ ಹುಲ್ಲುನೆಲಗಳಿಗೆ ಅವನ್ನು ಬಿಟ್ಟೂ ನೋಡಿದರು.

"ಹ್ಞೂಂ, ಆಮೇಲೆ?"

ಆಮೇಲೆ ಡಿ.ಡಿ.ಟಿ. ಬಂತು. ಅದರ ಕೀಟನಾಶಕ ಗುಣ ಗೊತ್ತಾದದ್ದು 1939ರಲ್ಲಿ; ಮಹಾಯುದ್ಧ ಮುಗಿಯುವಷ್ಟರಲ್ಲಿ ಜಗತ್ತೆಲ್ಲ ಅದರದೇ ಜಪ. ಒಂದು ಪುಡಿ ಎರಚಿದರೆ ಸಾಯುವ ಹುಳಕ್ಕೆ ಮಾಂಸದ ಸಾರಿನಲ್ಲಿ ಜಂತು ಸಾಕುತ್ತ ಕೂರುವವರು ಯಾರು? ಗ್ಲೇಸರ್ ಅವರ ಕೆಲಸ ಮೂಲೆಗೆ ಬಿತ್ತು. ಅಮೆರಿಕ ತನ್ನ ಹೊಲಗಳಿಂದ ಡಿ.ಡಿ.ಟಿ.ಯನ್ನು ಹೊರಹಾಕಿದ್ದು 1972ರಲ್ಲಿ. ಅದಾದ ಮೇಲೆಯೇ ಈ ಜಂತುಗಳ ಕಡೆ ಜನ ಮತ್ತೆ ಗಂಭೀರವಾಗಿ ತಿರುಗಿ ನೋಡಿದ್ದು.

ಗ್ಲೇಸರ್ ಕಾಣದೆ ಹೋದ ಗುಟ್ಟೊಂದಿತ್ತು. ಗೊಣ್ಣೆಹುಳವನ್ನು ಕೊಲ್ಲುವುದು ಜಂತು ಒಂದೇ ಅಲ್ಲ. ಅದು ತನ್ನ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೊತ್ತು ತಿರುಗುತ್ತದೆ. 1960ರ ದಶಕದಲ್ಲಿ ಇದು ಬಯಲಾಯಿತು. ನೆರೆಮನೆಯಿಂದ ಲೋಟದಲ್ಲಿ ಹೆಪ್ಪು ತರುವುದಿಲ್ಲವೇ, ಹಾಗೆ ಎಂದರೆ ಸರಿಯಾದೀತು. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಎಳೆಯ ಜಂತು, ಏನನ್ನೂ ತಿನ್ನದೆ, ಮಣ್ಣಿನ ಕಣಗಳ ನಡುವಿನ ನೀರಿನ ಪೊರೆಯಲ್ಲಿ ಈಜಿಕೊಂಡು ಗೊಣ್ಣೆಹುಳವನ್ನು ಹುಡುಕುತ್ತದೆ. ಬಾಯಿ, ಗುದ, ಉಸಿರಾಟದ ರಂಧ್ರ, ಯಾವ ಬಾಗಿಲು ತೆರೆದಿದೆಯೋ ಅದರಿಂದ ಒಳಗೆ ನುಗ್ಗುತ್ತದೆ. ಹೆಟೆರೋರ್‍ಹ್ಯಾಬ್ಡಿಟಿಸ್ ಎಂಬ ಬಗೆಗೆ ಒಂದು ಪುಟ್ಟ ಹಲ್ಲೂ ಇದೆ. ಚರ್ಮ ತೆಳುವಾಗಿದ್ದಲ್ಲಿ ಹರಿದುಕೊಂಡೇ ಒಳಗೆ ಹೋಗಬಲ್ಲದು. ಒಳಹೊಕ್ಕು ಹೆಪ್ಪು ಹಾಕುತ್ತದೆ. ಬ್ಯಾಕ್ಟೀರಿಯಾ ಹಬ್ಬಿ ಸಾಮಾನ್ಯವಾಗಿ ಎರಡು ದಿನದಲ್ಲಿ ಹುಳ ಸಾಯುತ್ತದೆ. ಆ ಸಾರನ್ನು ಉಂಡು ಜಂತು ಎರಡು ಮೂರು ತಲೆಮಾರು ಸಂಸಾರ ನಡೆಸಿ, ಉಣಿಸು ಮುಗಿದಾಗ ಹೊಸ ಪೀಳಿಗೆ ಲಕ್ಷದ ಲೆಕ್ಕದಲ್ಲಿ ಹೊರಬರುತ್ತದೆ, ಪ್ರತಿಯೊಂದೂ ತನ್ನ ಪಾಲಿನ ಹೆಪ್ಪು ಕಟ್ಟಿಕೊಂಡು. ಈ ಬ್ಯಾಕ್ಟೀರಿಯಾ ಮನುಷ್ಯರಿಗೆ, ದನಕರುಗಳಿಗೆ, ಎರೆಹುಳಕ್ಕೆ ಕೇಡು ಮಾಡುವಂಥದ್ದಲ್ಲ. ಅಮೆರಿಕದಲ್ಲಿ ರಾಸಾಯನಿಕ ಔಷಧಗಳಿಗೆ ಬೇಕಾದ ಸರ್ಕಾರಿ ನೋಂದಣಿಯಿಂದ ಈ ಜಂತುಗಳಿಗೆ ವಿನಾಯಿತಿಯೇ ಉಂಟು.

ಇಷ್ಟೆಲ್ಲ ಗೊತ್ತಿದ್ದೂ ಆಗಸ್ಟ್ ಕೊನೆಗೆ ಹುಲ್ಲು ಮತ್ತೆ ಒಣಗತೊಡಗಿತು. ರಾತ್ರಿ ಸ್ಕಂಕ್ ಎಂಬ ಪ್ರಾಣಿ ಬಂದು ಗೊಣ್ಣೆಹುಳಕ್ಕಾಗಿ ನೆಲವನ್ನು ಹಂದಿಯ ಹಾಗೆ ಕೆದಕಿ ಹೋಗತೊಡಗಿತು. ಮಗನ ತಾಳ್ಮೆ ಮುಗಿಯಿತು. "ಸಾಕು ಅಪ್ಪಯ್ಯ, ನಾಳೆ ಕಂಪನಿಯವರನ್ನು ಕರೆಸ್ತೇನೆ. ನಾಲ್ಕು ದಿನ ಮಗುವನ್ನು ಹೊರಗೆ ಬಿಡದಿದ್ದರಾಯ್ತು" ಎಂದ.

ಆ ರಾತ್ರಿ ಊಟದ ಮೇಜಿನಲ್ಲಿ ಅಜ್ಜ ಹಳ್ಳದ ಕಡೆಯ ತುಂಡಿನ ಕತೆ ಹೇಳಿದರು. ಬೇರುಹುಳಕ್ಕೆ ಆಗ ಎಲ್ಲರೂ ಹಾಕುತ್ತಿದ್ದದ್ದು ಫೊರೇಟ್ ಹರಳು. ಮೂಗು ಕಟ್ಟುವ ವಾಸನೆ. ಒಂದು ಮಳೆಗಾಲದಲ್ಲಿ ಅವರೂ ತಂದರು. ತೋಟದ ಕೆಲಸಕ್ಕೆ ಬರುತ್ತಿದ್ದ ಮೂವತ್ತರ ಆಳು ಬರಿಗೈಯಲ್ಲಿ ಬುಡಬುಡಕ್ಕೆ ಎರಚಿದ. ಕೈಗವಸು ಎಂಬುದನ್ನು ಆಗ ಯಾರು ಕಂಡಿದ್ದರು? ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ಜೊಲ್ಲು ಸುರಿದು, ಕಣ್ಣು ಮಂಜಾಗಿ ಅಡಿಕೆ ಮರದ ಬುಡದಲ್ಲೇ ಕುಸಿದ. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ನಾಲ್ಕು ದಿನ ಅವನ ಹೆಂಡತಿ ವಾರ್ಡಿನ ಬಾಗಿಲಲ್ಲಿ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ಅವನು ಬದುಕಿದ. ಮರುದಿನವೇ ಉಳಿದ ಹರಳನ್ನು ಹೊಂಡ ತೆಗೆದು ಹೂತರು. ಆ ಹೂತದ್ದೂ ತಪ್ಪು ಎಂದು ಆಮೇಲೆ ತಿಳಿಯಿತು. ಹುಳ ಉಳಿಯಿತು, ಮರಗಳು ಹೋದವು. ಭಾರತದಲ್ಲಿ ಫೊರೇಟ್ ಬಳಕೆ ಪೂರ್ತಿ ನಿಂತದ್ದು 2020ರ ಕೊನೆಗೆ.

"ಅಮೆರಿಕದ ಔಷಧ ಅಷ್ಟು ಕೆಟ್ಟದ್ದಲ್ಲ ಇರಬಹುದು. ನನಗೆ ಗೊತ್ತಿಲ್ಲ" ಎಂದರು ಅಜ್ಜ. "ಆದರೆ ಬಾವುಟ ನೆಟ್ಟು ಹೋಗ್ತಾರಲ್ಲ, ಆ ಬಾವುಟ ಓದಲಿಕ್ಕೆ ಈ ಕೂಸಿಗೆ ಬರುವುದಿಲ್ಲ. ನನ್ನ ಆಳಿಗೂ ಬರ್ತಿರಲಿಲ್ಲ."

ಮಗ ತುಂಬ ಹೊತ್ತು ಸುಮ್ಮನಿದ್ದ. ಇನ್ನೊಮ್ಮೆ ನೋಡೋಣ ಎಂದ.

ಈ ಸಲ ಮೊದಲು ಕೇಳಿ ತಿಳಿದುಕೊಂಡರು. ರಟ್ಗರ್ಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೃಷಿ ವಿಸ್ತರಣಾ ಕಚೇರಿಗೆ ಫೋನು ಮಾಡಿದಾಗ ಮೇ ತಿಂಗಳ ತಪ್ಪುಗಳು ಒಂದೊಂದಾಗಿ ಹೊರಬಂದವು. ವಸಂತದಲ್ಲಿ ಗೊಣ್ಣೆಹುಳ ಬಲಿತಿರುತ್ತದೆ, ಜಂತುವಿಗೆ ಸುಲಭವಾಗಿ ಬಗ್ಗುವುದಿಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಅದು ಎಳೆಯದು, ನೆಲವೂ ಬೆಚ್ಚಗಿರುತ್ತದೆ. ತರಿಸಿದ ಜಾತಿಯೂ ತಪ್ಪು. ಸ್ಟೈನರ್ನೆಮ ಕಾರ್ಪೊಕ್ಯಾಪ್ಸೆ ಎಂಬುದು ನೆಲದ ಮೇಲ್ಪದರದಲ್ಲೇ ಹೊಂಚು ಹಾಕಿ ಕಾಯುವಂಥದ್ದು. ಬೇರಿನ ಬಳಿ ಜಡವಾಗಿ ಬಿದ್ದಿರುವ ಹುಳ ಅದರ ಬಳಿಗೆ ಬರುವುದೆಂದು? ಬೇಕಾದದ್ದು ಆಳಕ್ಕೆ ಇಳಿದು ಬೇಟೆಯಾಡುವ ಹೆಟೆರೋರ್‍ಹ್ಯಾಬ್ಡಿಟಿಸ್ ಬ್ಯಾಕ್ಟೀರಿಯೊಫೊರ. ಅಂಗಡಿಯವರು ಇದನ್ನು ಯಾಕೆ ಮೊದಲೇ ಹೇಳುವುದಿಲ್ಲವೋ!

ಲೆಕ್ಕ ಎಕರೆಗೆ ನೂರು ಕೋಟಿ ಜಂತು. ಎರಡು ಸಾವಿರ ಚದರಡಿಗೆ ಐದು ಕೋಟಿಯ ಪೊಟ್ಟಣ ಸಾಕಾಯಿತು. 2011ರ ಜನಗಣತಿಯ ಕರ್ನಾಟಕದಲ್ಲಿ ಆರು ಕೋಟಿ ಚಿಲ್ಲರೆ ಜನ. ಹೆಚ್ಚುಕಡಿಮೆ ಅಷ್ಟು ಜೀವ ಅಂಗೈಯಗಲದ ಪೊಟ್ಟಣದಲ್ಲಿ, ಫ್ರಿಜ್ಜಿನೊಳಗೆ ಮೊಸರಿನ ಪಾತ್ರೆಯ ಪಕ್ಕದಲ್ಲಿ ಎರಡು ದಿನ ಕಳೆಯಿತು. ಹುಡುಗ ಒಂದು ಹನಿಯನ್ನು ಬೂದುಗಾಜಿನ ಕೆಳಗಿಟ್ಟು ನೋಡಿದ. ಬಳುಕುತ್ತಿದ್ದವು.

ಅಳತೆಗೆಂದು ಮೊದಲೇ ಒಂದಡಿ ಚದರದ ಹುಲ್ಲನ್ನು ಮೂರು ಬದಿ ಕೊಯ್ದು, ಪುಸ್ತಕದ ಪುಟದಂತೆ ಮಗುಚಿ ಎಣಿಸಿದ್ದರು. ಹದಿನಾಲ್ಕು ಹುಳ. ಹತ್ತರ ಆಸುಪಾಸು ಬಂದರೆ ಕೈಕಟ್ಟಿ ಕೂರುವಂತಿಲ್ಲ ಎನ್ನುತ್ತಾರೆ. ಸೆಪ್ಟೆಂಬರ್ ಮೊದಲ ವಾರ, ಮೋಡ ಕವಿದ ಒಂದು ಸಂಜೆ, ಅಜ್ಜ ಮೊದಲು ನೆಲಕ್ಕೆ ಚೆನ್ನಾಗಿ ನೀರುಣಿಸಿದರು. ಸಿಂಪಡಿಸುವ ಯಂತ್ರದ ಸಣ್ಣ ಜಾಲರಿಯನ್ನು ಬಿಚ್ಚಿ ಬದಿಗಿಟ್ಟರು. ಇಲ್ಲವಾದರೆ ಜಂತು ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಮೊಮ್ಮಗ ಕಲಸಿದ, ತಳಕ್ಕೆ ಇಳಿಯದಂತೆ ಆಗಾಗ ಕುಲುಕಿದ, ಮಗ ಸಿಂಪಡಿಸಿದ. ಕೂಡಲೇ ಮತ್ತೆ ನೀರು, ಎಲೆಗೆ ಅಂಟಿದ್ದು ತೊಳೆದು ಮಣ್ಣಿಗೆ ಇಳಿಯಲಿ ಎಂದು. ಮುಂದಿನ ಎರಡು ವಾರ ನೆಲ ಒಣಗದ ಹಾಗೆ ಅಜ್ಜ ಕಾದರು. ಬಾಣಂತಿಯ ಪಥ್ಯದಷ್ಟು ಕಟ್ಟುನಿಟ್ಟು ಎಂದು ಸೊಸೆ ನಕ್ಕಳು. ಮಗು ಮಾತ್ರ ಮರುದಿನ ಬೆಳಿಗ್ಗೆಯೇ ಹುಲ್ಲಿನ ಮೇಲಿತ್ತು, ಎಂದಿನಂತೆ.

ಎರಡನೆಯ ವಾರದ ಕೊನೆಗೆ ಮೊಮ್ಮಗ ಅಗೆದ. ಇಟ್ಟಿಗೆಯ ಕೆಂಪು ಬಣ್ಣದ, ಮೆತ್ತಗಾದ ಗೊಣ್ಣೆಹುಳ ಸಿಕ್ಕಿತು. ಹೆಟೆರೋರ್‍ಹ್ಯಾಬ್ಡಿಟಿಸ್ ಹೊಕ್ಕದ್ದಕ್ಕೆ ಅದೇ ಗುರುತು. ಇನ್ನೊಂದು. ಮತ್ತೊಂದು. ಅಕ್ಟೋಬರ್ ಮೊದಲಲ್ಲಿ ಎಣಿಸಿದಾಗ ಹದಿನಾಲ್ಕು ಇದ್ದಲ್ಲಿ ನಾಲ್ಕು ಬದುಕಿದ್ದವು. ಪೂರ್ತಿ ನಿರ್ಮೂಲವಾಗಲಿಲ್ಲ. ನಾಲ್ಕಕ್ಕೆ ಹುಲ್ಲು ಸಾಯುವುದಿಲ್ಲ.

ಕೆಂಪಾದ ಹುಳದ ಬಗ್ಗೆ ಹುಡುಗ ಇನ್ನೊಂದು ಸಂಗತಿ ಓದಿದ್ದ: ಅದು ಕತ್ತಲೆಯಲ್ಲಿ ಹೊಳೆಯುತ್ತದೆ. ಒಳಗಿನ ಬ್ಯಾಕ್ಟೀರಿಯಾ ತಿಳಿಯಾದ ಬೆಳಕು ಬೀರುವಂಥದ್ದು. 1862ರಲ್ಲಿ ಅಮೆರಿಕದ ಅಂತರ್ಯುದ್ಧದ ಶೈಲೋ ಕಾಳಗದಲ್ಲಿ ಗಾಯಾಳುಗಳ ಗಾಯ ರಾತ್ರಿ ಹೊಳೆಯುತ್ತಿತ್ತೆಂದು ಒಂದು ಮಾತಿದೆ. ಅದಕ್ಕೆ ಈ ಬ್ಯಾಕ್ಟೀರಿಯಾ ಕಾರಣವಿರಬಹುದೆಂದು ಇಬ್ಬರು ಶಾಲಾ ಹುಡುಗರು ಪ್ರಯೋಗ ಮಾಡಿ 2001ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಪಡೆದಿದ್ದರು. ಒಬ್ಬನ ತಾಯಿ ಇಂಥದೇ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿ. ಹುಡುಗನ ಪ್ರಶ್ನೆಗೆ ಅವಳು ಉತ್ತರ ಹೇಳಲಿಲ್ಲ, ಪ್ರಯೋಗ ಮಾಡಿ ನೋಡು ಎಂದಳಂತೆ. ಅಜ್ಜ-ಮೊಮ್ಮಗ ಬಟ್ಟೆ ಇಡುವ ಕತ್ತಲೆ ಕೋಣೆಗೆ ಹುಳವನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗಿ, ಬಾಗಿಲ ಸಂದಿಗೆ ಕಂಬಳಿ ತುರುಕಿ, ಕಾಲು ಗಂಟೆ ಕೂತರು. ಕಂಡಿತು ಎಂದ ಮೊಮ್ಮಗ. ಕಾಣಲಿಲ್ಲ ಎಂದರು ಅಜ್ಜ. ಒಂದು ಕಣ್ಣಿನ ಪೊರೆ ಇನ್ನೂ ತೆಗೆಸಿರಲಿಲ್ಲ.

ಊರಿಗೆ ಮರಳಿದ ಮೇಲೆ ಅವರು ಮೊದಲು ವಿಚಾರಿಸಿದ್ದು ಇದನ್ನೇ. ನಮ್ಮಲ್ಲಿ ಇದು ಹೊಸದೇನೂ ಆಗಿರಲಿಲ್ಲ. ಕೊಯಮತ್ತೂರಿನಲ್ಲಿ ಸಿಕ್ಕ ಹೆಟೆರೋರ್‍ಹ್ಯಾಬ್ಡಿಟಿಸ್ ಇಂಡಿಕ ಎಂಬ ಜಾತಿಯನ್ನು 1992ರಲ್ಲೇ ವಿಜ್ಞಾನಿಗಳು ವರ್ಣಿಸಿದ್ದರು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಅದನ್ನು ನೀರಿನಲ್ಲಿ ಕಲಸುವ ಪುಡಿಯ ರೂಪಕ್ಕೆ ತಂದು, ಅಡಿಕೆ, ಕಬ್ಬಿನ ಗೊಣ್ಣೆಹುಳಕ್ಕೆಂದು ರೈತರಿಗೆ ತಲುಪಿಸಿದೆ. ಅಷ್ಟು ದೂರ ಹೋಗಿ ಹುಲ್ಲು ಕೆದಕಿ ಕಲಿತದ್ದು ಮನೆಯಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿತ್ತು.

2023ರಲ್ಲಿ ಪೊಟ್ಟಣ ತರಿಸಿದರು. ಆ ವರ್ಷದ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತ್ತು, ನೆಲ ಒಣಗಿತ್ತು. ಅವರು ಆತುರ ಮಾಡಲಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಹಿಡಿದು ಮಣ್ಣು ತೋಯ್ದ ಮೇಲೆ, ಒಂದು ಸಂಜೆ, ಹಳ್ಳದ ಕಡೆಯ ತುಂಡಿನಲ್ಲಿ ಹೊಸದಾಗಿ ನೆಟ್ಟ ಸಸಿಗಳ ಬುಡಕ್ಕೆ ಹಾಕಿಸಿದರು. ಹಾಕಿದವನು ಅದೇ ಆಳು. ಈಗ ಅವನಿಗೂ ಅರವತ್ತಾಗಿದೆ. ಪೊಟ್ಟಣ ಬಿಚ್ಚುವ ಮುಂಚೆ ಮೂಸಿ ನೋಡಿದ. ವಾಸನೆ ಇರಲಿಲ್ಲ. ಅಯ್ಯನವರ ಮುಖ ನೋಡಿದ. ಅವರು ತಾವೇ ಮೊದಲು ಮೊಣಕೈವರೆಗೆ ಬಕೆಟ್ಟಿಗೆ ಕೈ ಹಾಕಿ ಕಲಸಿದರು.

ಭಾನುವಾರ ಭಾನುವಾರ ನ್ಯೂಜೆರ್ಸಿಯಿಂದ ಫೋನು. "ಅಜ್ಜಾ, ಕೆಂಪಾಯ್ತಾ?" ಮೊದಲ ವಾರ ಇಲ್ಲ. ಎರಡನೆಯ ವಾರ ಬಿಳಿಯವೇ ಸಿಕ್ಕಿದವು. ಮೂರನೆಯ ವಾರ ಅಜ್ಜನ ದನಿ ಪಿಸುಮಾತಿನಲ್ಲಿತ್ತು.

"ಮೂರು ಸಿಕ್ಕಿದೆ ಮಾಣಿ. ನಿಮ್ಮಲ್ಲಿಯದಕ್ಕಿಂತ ದೊಡ್ಡದು."

"ಹೊಳೀತದಾ?"

"ತಡಿ, ಫೋನು ಇಡಬೇಡ. ನಿನ್ನ ಅಜ್ಜಿ ಕಂಬಳಿ ಮುಸುಕು ಹಾಕ್ಕೊಂಡು ನೋಡ್ತಾ ಇದ್ದಾಳೆ."